ಮಾತಾಡಲಾರದ ರೋಗಿಯ ಪರವಾಗಿ ಉತ್ತರ ಕೊಡುವದು



ಬ್ಯಾಕೋಡು ಸೀಮೆಯವರಿಗೆ ಹೊಳೆಯು ಎಷ್ಟು ದೊಡ್ಡ ಅಡ್ಡಿಯಾಗಿತ್ತೆಂದು ಹೇಳಬೇಕಾದದ್ದಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರು ಈ ಊರುಗಳನ್ನು ಸಾಗರದಿಂದ ಬೇರ್ಪಡಿಸಿತು. ಅಂಬಾರಗೋಡ್ಲಿಗೂ ಕಳಸವಳ್ಳಿಗೂ ನಡುವೆ ಓಡಾಡುತ್ತಿದ್ದ ಲಾಂಚು ರಾತ್ರಿ ನಿಂತ ಬಳಿಕ ರೋಗಿಯನ್ನು ಬಳಸುದಾರಿಯಿಂದ ಸಾಗಿಸಬೇಕಾಗುತ್ತಿತ್ತು. 2025ನೆಯ ಇಸವಿ ಜುಲೈ 14ರಂದು ಸೇತುವೆಯು ತೆರೆಯಲ್ಪಟ್ಟಿತು. ಆ ಕಷ್ಟವು ತೀರಿತು. ಆದರೆ ರೋಗಿಯು ಆಸ್ಪತ್ರೆಯ ಬಾಗಿಲಿಗೆ ಬೇಗನೆ ಮುಟ್ಟಿದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಅಲ್ಲಿ ವೈದ್ಯರು ಕೇಳುವ ಪ್ರಶ್ನೆಗೆ ರೋಗಿಯೇ ಉತ್ತರ ಕೊಡಲಾರದೆ ಹೋದರೆ ಯಾರು ಉತ್ತರ ಕೊಡತಕ್ಕದ್ದು? ಏನೆಂದು ಕೊಡತಕ್ಕದ್ದು? ಈ ತಿಂಗಳ ಪಾಠವು ಇದನ್ನು ಕುರಿತದ್ದು.

1. ತೀರ್ಮಾನಿಸಲಾರದವರು ಯಾರು?

ಮುದುಕನಾದ ಮಾತ್ರಕ್ಕೆ ಒಬ್ಬನು ತೀರ್ಮಾನಿಸಲಾರದವನೆಂದು ಎಣಿಸಕೂಡದು. ಹೆಂಗಸೆಂದಾಗಲಿ ಓದುಬರಹ ತಿಳಿಯದವನೆಂದಾಗಲಿ ಬಡವನೆಂದಾಗಲಿ ಅವನ ಮಾತನ್ನು ತಳ್ಳಿಬಿಡಕೂಡದು. ತನಗಿರುವ ರೋಗವೇನು, ಚಿಕಿತ್ಸೆಯೇನು, ಅದನ್ನು ಬೇಡವೆಂದರೆ ಆಗುವದೇನು ಎಂಬದನ್ನು ತಿಳುಕೊಂಡು ತನ್ನ ಮನಸ್ಸನ್ನು ಹೇಳಬಲ್ಲವನು ತಾನೇ ತೀರ್ಮಾನಿಸತಕ್ಕವನು. ಆದರೆ ಮಂಗನ ಕಾಯಿಲೆಯಂಥ ಜ್ವರದಲ್ಲಿ ಮೆದುಳು ಬಾಧೆಗೊಂಡು ಬಡಬಡಿಸುವವನು, ಪಾರ್ಶ್ವವಾಯು ಬಡಿದು ಸ್ಮೃತಿ ತಪ್ಪಿದವನು, ಅರಳುಮರಳು ಹೆಚ್ಚಾಗಿ ಮಕ್ಕಳ ಗುರುತೂ ಸಿಕ್ಕದವಳು, ಇಂಥವರ ಪರವಾಗಿ ಬೇರೊಬ್ಬರು ಮಾತಾಡಬೇಕಾಗುವದು.

2. ಕಾಯಬಾರದ ವೇಳೆ, ಕಾಯತಕ್ಕ ವೇಳೆ

ಪ್ರಾಣಕ್ಕೆ ಅಪಾಯವಿರುವಾಗ ಕಾಯಬಾರದು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಪಾರ್ಶ್ವವಾಯು ಬಂದರೆ, ಆ ಹೆಪ್ಪನ್ನು ಕರಗಿಸುವ ಮದ್ದನ್ನು ಸಾಧಾರಣವಾಗಿ ನಾಲ್ಕೂವರೆ ತಾಸುಗಳ ಒಳಗೆ ಕೊಡಬೇಕು. ಬೆಂಗಳೂರಿನಿಂದ ಹಿರಿಯಣ್ಣನು ಬರಲಿ ಎಂದು ಕೂತವರು ಆ ತಾಸುಗಳನ್ನೇ ಕಳಕೊಳ್ಳುವರು. ಜೀವ ಉಳಿಸುವದಕ್ಕೆ ತಡಮಾಡಲಾಗದ ಚಿಕಿತ್ಸೆಯನ್ನು ಯಾರ ಸಹಿಯೂ ಇಲ್ಲದೆ ವೈದ್ಯರು ಮಾಡಬಹುದೆಂದು ನ್ಯಾಯವೂ ಒಪ್ಪುತ್ತದೆ.

ಅಪಾಯವಿಲ್ಲದಿದ್ದರೆ ಕಾಯತಕ್ಕದ್ದು. ದಿಲ್ಲಿಯಲ್ಲಿ ಒಬ್ಬ ಸ್ತ್ರೀಯು ಹೊಟ್ಟೆಯ ಪರೀಕ್ಷೆಗೆ ಒಪ್ಪಿ ಮಂಪರು ಮದ್ದಿನಿಂದ ಎಚ್ಚರ ತಪ್ಪಿ ಮಲಗಿದ್ದಾಗ, ವೈದ್ಯರು ಹೊರಗಿದ್ದ ತಾಯಿಯನ್ನು ಕೇಳಿ ಆಕೆಯ ಗರ್ಭಕೋಶವನ್ನೇ ತೆಗೆದುಬಿಟ್ಟರು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಪ್ರಾಣಾಪಾಯವಿರಲಿಲ್ಲ, ಆಕೆ ಎಚ್ಚರವಾಗಿ ತಾನೇ ಉತ್ತರ ಕೊಡಬಹುದಾಗಿತ್ತು, ಹಾಗಿರಲಾಗಿ ತಾಯಿಯ ಒಪ್ಪಿಗೆಯೂ ಸಲ್ಲದೆಂದು ತೀರ್ಪಾಯಿತು. ಹೆತ್ತವಳ ಪ್ರೀತಿ ಸಹ ಮಗಳ ಅಪ್ಪಣೆಗೆ ಬದಲಾಗಲಾರದೆಂಬದನ್ನು ನಾವು ಇಲ್ಲಿ ಕಲಿಯುತ್ತೇವೆ.

3. ಘಟ್ಟದ ಕೆಳಗಿನ ಒಬ್ಬ ಮಗಳು

ನಮ್ಮ ಶರಾವತಿಯು ಸಮುದ್ರವನ್ನು ಸೇರುವದು ಹೊನ್ನಾವರದ ಬಳಿ. ಆ ತಾಲೂಕಿನ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗ ಎಂಬಾಕೆ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. 1973ನೆಯ ಇಸವಿ ನವೆಂಬರ್ 27ರಂದು ಅಲ್ಲಿಯ ಒಬ್ಬ ಕೆಲಸದವನು ಅವಳ ಕುತ್ತಿಗೆಗೆ ನಾಯಿಯ ಸರಪಣಿಯನ್ನು ಬಿಗಿದು ಅತ್ಯಾಚಾರ ಮಾಡಿದನು. ಮೆದುಳಿಗೆ ಪ್ರಾಣವಾಯು ಸಾಲದೆ ಹೋದದರಿಂದ ಅವಳು ಮತ್ತೆಂದೂ ತನ್ನ ಮನಸ್ಸನ್ನು ತಿಳಿಸಬಲ್ಲವಳಾಗಲಿಲ್ಲ. ಹೀಗೆ ನಾಲ್ವತ್ತೊಂದು ವರುಷಕ್ಕೆ ಮೇಲ್ಪಟ್ಟು ಅದೇ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಲ್ಲಿಯ ದಾದಿಯರು ಅವಳಿಗೆ ಉಣಿಸಿ ತೊಳೆದು ಹೊರಳಿಸಿ, ಮೈಗೆ ಹಾಸಿಗೆಹುಣ್ಣು ಬಾರದಂತೆ ನೋಡಿಕೊಂಡರು.

ಇಷ್ಟು ಕಾಲ ಅವಳನ್ನು ಹೀಗೆ ಉಳಿಸುವದು ಕರುಣೆಯಲ್ಲವೆಂದು ಎಣಿಸಿ, ಪಿಂಕಿ ವಿರಾನಿ ಎಂಬ ಲೇಖಕಿಯು ಅವಳ ಆಪ್ತಳಾಗಿ ನ್ಯಾಯಾಲಯಕ್ಕೆ ಮೊರೆಯಿಟ್ಟಳು. ದಾದಿಯರೋ, ಅವಳು ಬದುಕಲಿ ಎಂದರು. 2011ನೆಯ ಇಸವಿ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯವು ಹಗಲಿರುಳು ಸೇವೆಮಾಡಿದ ಆಸ್ಪತ್ರೆಯವರೇ ಅವಳ ಪರವಾಗಿ ಮಾತಾಡತಕ್ಕವರೆಂದು ಹೇಳಿ ಮೊರೆಯನ್ನು ತಳ್ಳಿಬಿಟ್ಟಿತು. 2015ನೆಯ ಇಸವಿ ಮೇ 18ರಂದು ಅವಳು ತೀರಿಕೊಂಡಳು.

ಎರಡು ಕಡೆಯವರಲ್ಲಿಯೂ ಪ್ರೀತಿ ಇತ್ತೆಂಬದು ನಮ್ಮ ನಂಬಿಕೆ. ಆದರೆ ಅರುಣಳ ಸ್ವಂತ ಮಾತು ಮಾತ್ರ ಅಲ್ಲಿರಲಿಲ್ಲ. ಆ ಬರಿದಾದ ಸ್ಥಳವನ್ನು ಇತರರು ತಮ್ಮ ಮಾತಿನಿಂದ ತುಂಬಬೇಕಾಯಿತು.

4. ಕೇಳತಕ್ಕ ಪ್ರಶ್ನೆ ಯಾವದು?

ನಮ್ಮ ಸೀಮೆಯ ಒಂದು ಮನೆಯನ್ನು ಎಣಿಸಿಕೊಳ್ಳಿರಿ. ತಾಯಿ ಸ್ಮೃತಿಯಿಲ್ಲದೆ ಉಸಿರಾಟದ ಯಂತ್ರದ ಮೇಲಿದ್ದಾಳೆ. ಗುಣವಾಗುವ ಭರವಸೆ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ದೂರದಲ್ಲಿದ್ದ ಹಿರಿಮಗನು, "ತೋಟ ಅಡವಿಟ್ಟಾದರೂ ಎಲ್ಲಾ ಮಾಡಿಸಿರಿ" ಅನ್ನುತ್ತಾನೆ. ಇಷ್ಟು ದಿವಸ ನೋಡಲು ಬಾರದ ಸಂಕಟವು ಅವನ ಬಾಯಿಂದ ಮಾತಾಡುತ್ತದೆ. ಊರಿನವರು ಏನೆಂದಾರೋ ಎಂದು ಕಿರಿಮಗನು ಸುಮ್ಮನಿದ್ದಾನೆ. ಸೊಸೆಯು ಬಹು ಕಾಲ ಆರೈಕೆ ಮಾಡಿದವಳು. ಅತ್ತೆಯ ಮನಸ್ಸನ್ನು ಬಲ್ಲವಳು ಆಕೆಯೇ. ಆದರೆ ಆಕೆಯನ್ನು ಯಾರೂ ಕೇಳುವದಿಲ್ಲ.

ಇಲ್ಲಿ "ನಮಗೆ ಏನು ಬೇಕು?" ಎಂಬದು ತಪ್ಪಾದ ಪ್ರಶ್ನೆ. "ಅಮ್ಮನು ಈಗ ಒಂದು ಗಳಿಗೆ ಎಚ್ಚತ್ತು ತನ್ನ ಸ್ಥಿತಿಯನ್ನು ನೋಡಿದರೆ ಏನನ್ನುವಳು?" ಎಂಬದೇ ಸರಿಯಾದ ಪ್ರಶ್ನೆ. ಅವಳು ಮುಂಚೆ ಆಡಿದ ಮಾತುಗಳನ್ನು ನೆನಸಿರಿ. ಏನೂ ತಿಳಿಯದಿದ್ದರೆ, ಅವಳಿಗೆ ಹಿತ ಯಾವದು, ನೋವು ಕಡಿಮೆಯಾಗುವದು ಯಾವದರಿಂದ ಎಂದು ವೈದ್ಯರನ್ನು ಕೇಳಿರಿ. ಹಣದ ತೊಂದರೆ ಇದ್ದರೆ ಅದನ್ನು ಮುಚ್ಚದೆ ಹೇಳಿರಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ನಮ್ಮ ಬಡತನವನ್ನಾಗಲಿ ಬೇಸರಿಕೆಯನ್ನಾಗಲಿ ಅವಳ ಇಷ್ಟವೆಂದು ಹೇಳುವದು ಸುಳ್ಳು. ಯಂತ್ರವನ್ನು ತೆಗೆದರೂ ಆರೈಕೆಯನ್ನು ತೆಗೆಯಕೂಡದು. ನೋವಿಗೆ ಮದ್ದು, ಒಣಗಿದ ತುಟಿಗೆ ನೀರು, ಕೈಹಿಡಿದು ಕೂತಿರುವವರು, ಇವು ಕಡೇ ತನಕ ಇರಬೇಕು.

5. ಮುಂಚೆಯೇ ಬರೆದಿಡುವದು

2018ನೆಯ ಇಸವಿ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು ಇನ್ನೊಂದು ದಾರಿಯನ್ನು ತೆರೆಯಿತು. 2023ರ ಜನವರಿಯಲ್ಲಿ ಅದನ್ನು ಸುಲಭಮಾಡಿತು. ಪ್ರಾಯಕ್ಕೆ ಬಂದು ಸ್ವಸ್ಥಬುದ್ಧಿಯುಳ್ಳ ಯಾರಾದರೂ, ಗುಣವಾಗದ ರೋಗದಲ್ಲಿ ತಾವು ಮಾತಾಡಲಾರದೆ ಹೋದರೆ ಯಾವ ಚಿಕಿತ್ಸೆ ಬೇಡ, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂಬದನ್ನು ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿಮಾಡಿ ನೋಟರಿಯಿಂದಾಗಲಿ ಗೆಜೆಟೆಡ್ ಅಧಿಕಾರಿಯಿಂದಾಗಲಿ ದೃಢಪಡಿಸಬೇಕು. ಮನಸ್ಸು ಬದಲಾದರೆ ಪತ್ರವನ್ನು ಬರಹದಿಂದ ರದ್ದುಮಾಡಬಹುದು.

ಆದರೂ ಕುಟುಂಬದವರು ಪತ್ರ ತೋರಿಸಿದ ಕೂಡಲೆ ಯಂತ್ರ ನಿಲ್ಲುವದಿಲ್ಲ. ಮೂವರು ವೈದ್ಯರ ಮಂಡಲಿಯೊಂದು ರೋಗಿಯನ್ನು ಪರೀಕ್ಷಿಸಬೇಕು, ಮತ್ತೊಂದು ಮಂಡಲಿಯೂ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಪತ್ರವಿಲ್ಲದಿದ್ದರೆ ಹತ್ತಿರದ ಸಂಬಂಧಿಕರ ಒಪ್ಪಿಗೆಯಿಂದ ಇದೇ ಕ್ರಮ ನಡೆಯುವದು. ಇದನ್ನು ನಡಿಸುವದಕ್ಕೆ ಕರ್ನಾಟಕದ ಆರೋಗ್ಯ ಇಲಾಖೆಯು 2025ನೆಯ ಇಸವಿ ಜನವರಿ 30ರಂದು ಆಜ್ಞೆ ಹೊರಡಿಸಿತು. ವಿಷದ ಮದ್ದಿನಿಂದ ಪ್ರಾಣ ತೆಗೆಯುವದು ಮಾತ್ರ ಇಂದಿಗೂ ಅಪರಾಧವೇ.

ಪತ್ರವನ್ನು ಬರೆಯದವರೂ ಮಾತನ್ನಾದರೂ ಆಡಿಡಲಿ. ಮಳೆಗಾಲದ ಒಂದು ಸಾಯಂಕಾಲ ಒಲೆಯ ಮುಂದೆ ಕೂತು, "ನನಗೆ ಹೀಗಾದರೆ ನೀವು ಹೀಗೆ ಮಾಡಿರಿ" ಎಂದು ಹೇಳುವದು ಅಪಶಕುನವಲ್ಲ. ಹಾಗೆ ಹೇಳಿದವರು ಮಕ್ಕಳ ತಲೆಯಿಂದ ಒಂದು ದೊಡ್ಡ ಹೊರೆಯನ್ನು ಇಳಿಸಿದವರಾಗುವರು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(1) ನನ್ನ ಮನಸ್ಸನ್ನು ಚೆನ್ನಾಗಿ ಬಲ್ಲವರು ಯಾರು? ಅವರಿಗೆ ನಾನು ಏನಾದರೂ ಹೇಳಿದ್ದೇನೋ?
(2) ನಮ್ಮ ಮನೆಯ ಹಿರಿಯರನ್ನು ನಾವು ಯಾವಾಗಲಾದರೂ ಕೇಳಿದ್ದೇವೋ?
(3) ಆರೈಕೆ ಮಾಡುವವರ ಮಾತಿಗೆ ನಮ್ಮ ಮನೆಯಲ್ಲಿ ಸ್ಥಳವುಂಟೋ?
(4) ರೋಗಿಯ ಇಷ್ಟವು ನಮ್ಮ ಇಷ್ಟಕ್ಕೆ ವಿರೋಧವಾದರೆ ಅದನ್ನು ನಿಜವಾಗಿ ಹೇಳುವ ಧೈರ್ಯವು ನಮಗುಂಟೋ?