ಹಳೆಯ ಡೀಸೆಲ್ ಇಂಜಿನಿಗೆ ಹೊಸ ಪಿಸ್ಟನ್ ಕೂರಿಸುವಾಗ

ಸಕಲೇಶಪುರ, ಆಲೂರು ಬೆಟ್ಟಸೀಮೆಯ ರೋಬಸ್ಟಾ ತೋಟಗಳಿಗೆ ಹೂ ಅರಳಿಸುವ ನೀರನ್ನು ಫೆಬ್ರವರಿ–ಮಾರ್ಚ್ ತಿಂಗಳಲ್ಲಿ ಕೊಡಬೇಕಾಗುತ್ತದೆ. ಆ ದಿನಗಳಲ್ಲಿ ಪಂಪಿನ ಇಂಜಿನು ಕೈಕೊಟ್ಟರೆ ವರ್ಷದ ಫಸಲಿಗೇ ಪೆಟ್ಟು. ಎಡಕುಮೇರಿ ಕಡೆಯ ಕಾಡಂಚಿನಿಂದ ಭಾರದ ಇಂಜಿನನ್ನು ಪೇಟೆಗೆ ಸಾಗಿಸುವುದೂ ಸುಲಭವಲ್ಲ. ಆದ್ದರಿಂದ ರಿಪೇರಿಯನ್ನು ಕೊಯ್ಲಿಗೆ ಮುಂಚೆಯೇ ಮುಗಿಸತಕ್ಕದ್ದು.

ಹೊಗೆ ಹೆಚ್ಚಿತು, ಎಣ್ಣೆ ಸುಡುತ್ತಿದೆ ಎಂದೊಡನೆ ಬರೀ ರಿಂಗು ಬದಲಿಸುವ ರೂಢಿಯುಂಟು. ಇದು ಬಹಳ ದಿನ ನಡೆಯದು. ಸಿಲಿಂಡರು ಎಲ್ಲೆಡೆ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗು ನಿಲ್ಲುವ ಜಾಗದಲ್ಲಿ ಸವೆತ ಹೆಚ್ಚು. ಅದರ ಮೇಲೆ ಸವೆಯದ ಏಣು ಉಳಿದಿರುತ್ತದೆ. ಹೊಸ ರಿಂಗು ಈ ಏಣಿಗೆ ಬಡಿದು ಮುರಿಯಬಹುದು. ಆದುದರಿಂದ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಪ್ರತಿ ಕಡೆಯೂ ಕ್ರ್ಯಾಂಕ್‌ಶಾಫ್ಟಿನ ನೇರಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಸವೆತ ತಯಾರಕರು ಹೇಳಿದ ಮಿತಿ ಮೀರಿದ್ದರೆ ಬೋರಿಂಗ್ ಮಾಡಿಸಬೇಕು, ಇಲ್ಲವೇ ಲೈನರ್ ಬದಲಿಸಬೇಕು. ಮೊದಲು ಪಿಸ್ಟನ್ ಕೊಂಡು, ಅದರ ಅಳತೆಗೆ ಸಿಲಿಂಡರನ್ನು ಕೊರೆಸುವುದೇ ಸರಿಯಾದ ಕ್ರಮ.

ಹಳೆಯ ಇಂಜಿನುಗಳಲ್ಲಿ ಇನ್ನೊಂದು ತೊಡಕಿದೆ. 114.3 ಮಿ.ಮೀ. ಬೋರಿನ, ನಿಮಿಷಕ್ಕೆ 650 ಸುತ್ತಿನ ಲಿಸ್ಟರ್ ಮಾದರಿಯಂಥ ನಿಧಾನಗತಿಯ ಇಂಜಿನುಗಳಲ್ಲಿ ಎರಕದ ಕಬ್ಬಿಣದ ಪಿಸ್ಟನ್ ಇರುವುದುಂಟು. ಈಗ ಅದರ ಬದಲು ಅಲ್ಯೂಮಿನಿಯಂ ಪಿಸ್ಟನ್ ದೊರೆಯಬಹುದು. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕಬ್ಬಿಣಕ್ಕೆ ಬಿಟ್ಟಷ್ಟೇ ಸಂದು ಬಿಟ್ಟರೆ ತಣ್ಣಗಿರುವಾಗ ಚೆನ್ನಾಗಿ ತಿರುಗಿ, ಹೊರೆ ಬಿದ್ದೊಡನೆ ಕಚ್ಚಿಕೊಳ್ಳುತ್ತದೆ. ಪಿಸ್ಟನ್ ಯಾವ ಲೋಹದ್ದೆಂದು ಬೋರಿಂಗ್ ಮಾಡುವವರಿಗೆ ಮುಂಚೆಯೇ ಹೇಳಬೇಕು. "ಬಿಗಿಯಾಗಿದ್ದಷ್ಟೂ ಒಳ್ಳೆಯದು" ಎಂಬ ಮಾತನ್ನು ನಂಬಬಾರದು.

ರಿಂಗನ್ನು ಬರಿದಾಗಿ ಸಿಲಿಂಡರಿಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ನೇರವಾಗಿ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ಸವೆದ ಸಿಲಿಂಡರಾದರೆ ಕೆಳಗಿನ ಇಕ್ಕಟ್ಟಾದ ಭಾಗದಲ್ಲಿ ಅಳೆಯಬೇಕು. 100 ಮಿ.ಮೀ. ಬೋರಿಗೆ ಸುಮಾರು 0.3ರಿಂದ 0.4 ಮಿ.ಮೀ. ಸಾಮಾನ್ಯ. ಕೈಪಿಡಿಯಿದ್ದರೆ ಅದರ ಅಂಕಿಯೇ ಪ್ರಮಾಣ. ಜೋಡಿಸುವಾಗ ರಿಂಗುಗಳ ಬಾಯಿ ಒಂದೇ ಸಾಲಿಗೆ ಬರಕೂಡದು.

ಕೊರೆದು ಬಂದ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ಒರೆಸಿದರೆ ಸಾಲದು, ಸಾಣೆಯ ಪುಡಿ ಉಳಿಯುತ್ತದೆ. ಬಿಳಿ ಬಟ್ಟೆ ಕೊಳೆಯಾಗದವರೆಗೆ ಬಿಸಿ ಸೋಪಿನ ನೀರಿನಿಂದ ಉಜ್ಜಿ, ಒಣಗಿಸಿ, ತಕ್ಷಣ ಎಣ್ಣೆ ಸವರಬೇಕು.

ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಇಂಜಿನಿನ ಸಿಲಿಂಡರಿಗೆ ತುಕ್ಕು ಹಿಡಿದು ರಿಂಗು ಅಂಟುತ್ತದೆ. ಜೂನಿಗೆ ಮೊದಲೇ ಸಿಲಿಂಡರಿಗೆ ಒಂದೆರಡು ಚಮಚ ಇಂಜಿನ್ ಎಣ್ಣೆ ಬಿಟ್ಟು, ಫ್ಲೈವೀಲನ್ನು ಕೈಯಿಂದ ನಾಲ್ಕಾರು ಸುತ್ತು ತಿರುಗಿಸಿ, ಎರಡೂ ವಾಲ್ವು ಮುಚ್ಚಿರುವ ಸ್ಥಿತಿಯಲ್ಲಿ ನಿಲ್ಲಿಸಿಡಬೇಕು.