ಕಣ್ಣಿನ ಹಿಂದಿನ ಐದು ಮಿಲಿಮೀಟರ್

ತಲೆಗೆ ಪೆಟ್ಟಾದವರನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಬೆಂಗಳೂರಿನ ಯಾವ ಆಟೊ ಚಾಲಕರನ್ನು ಕೇಳಿದರೂ ‘ನಿಮ್ಹಾನ್ಸ್’ ಎನ್ನುತ್ತಾರೆ. ಆದರೆ ಪೀಣ್ಯದವರಿಗೆ ಗೊರಗುಂಟೆಪಾಳ್ಯ, ವೈಟ್‌ಫೀಲ್ಡ್‌ನವರಿಗೆ ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿಯವರಿಗೆ ಸಿಲ್ಕ್ ಬೋರ್ಡ್ ಅಡ್ಡ ಬರುತ್ತದೆ. ಶಿಫ್ಟ್ ಬಿಡುವ ಹೊತ್ತಿನಲ್ಲಿ ಆಂಬುಲೆನ್ಸ್‌ಗೂ ದಾರಿ ಸಿಗುವುದು ಕಷ್ಟ. ಹಾಗಾಗಿ ಗಾಯಾಳು ಮೊದಲು ತಲುಪುವುದು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗವನ್ನು. ಅಲ್ಲಿ ವೈದ್ಯರು ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಸುರಿದು ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೆ ಮನೆಯವರಿಗೆ ಗಾಬರಿಯಾಗುತ್ತದೆ: ಪೆಟ್ಟು ಬಿದ್ದಿರುವುದು ತಲೆಗೆ, ಇವರು ನೋಡುತ್ತಿರುವುದು ಕಣ್ಣನ್ನಲ್ಲವೇ?

ಅವರು ನೋಡುತ್ತಿರುವುದು ಮೆದುಳನ್ನೇ. ಕಣ್ಣಿನಿಂದ ಹಿಂದಕ್ಕೆ ಹೋಗುವ ದೃಷ್ಟಿನರ ಮೆದುಳಿನದೇ ಮುಂದುವರಿದ ಭಾಗ. ಮೆದುಳನ್ನು ಸುತ್ತಿರುವ ಪೊರೆಗಳೇ ಈ ನರವನ್ನೂ ಕವಚದಂತೆ ಸುತ್ತಿವೆ. ಮೆದುಳಿನ ಸುತ್ತ ಇರುವ ನೀರಿನಂಥ ದ್ರವ ಈ ಕವಚದೊಳಗೂ ಹರಿಯುತ್ತದೆ. ತಲೆಬುರುಡೆ ಹಿಗ್ಗುವಂಥದ್ದಲ್ಲ. ಒಳಗೆ ರಕ್ತ ಕಟ್ಟಿದರೆ ಅಥವಾ ಮೆದುಳು ಊದಿಕೊಂಡರೆ ಒತ್ತಡ ಏರಿ ದ್ರವ ಈ ಕವಚಕ್ಕೆ ನುಗ್ಗುತ್ತದೆ, ಕವಚ ಉಬ್ಬುತ್ತದೆ. ಆಫ್ತಾಲ್ಮೋಸ್ಕೋಪ್‌ನಿಂದ ಕಣ್ಣಿನೊಳಗೆ ನೋಡಿದರೆ ಕಾಣುವ ನರದ ಬಾವು ಮೂಡಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಕವಚ ನಿಮಿಷಗಳಲ್ಲೇ ಹಿಗ್ಗುತ್ತದೆ. ಈ ಪರೀಕ್ಷೆಯ ಬೆಲೆ ಇರುವುದೇ ಇಲ್ಲಿ.

ಒಂದು ಗೊಂದಲ ಬೇಡ: ಈ ಒತ್ತಡ ಬಿ.ಪಿ. ಅಲ್ಲ, ಗ್ಲಾಕೋಮಾದಲ್ಲಿ ಏರುವ ಕಣ್ಣಿನ ಒತ್ತಡವೂ ಅಲ್ಲ. ಮಲಗಿರುವ ವಯಸ್ಕರಲ್ಲಿ ಮೆದುಳಿನ ಒತ್ತಡ ಸಾಮಾನ್ಯವಾಗಿ ಪಾದರಸದ 5ರಿಂದ 15 ಮಿ.ಮೀ. 22 ದಾಟಿದರೆ ಚಿಕಿತ್ಸೆ ಬೇಕೇ ಬೇಕು.

ಆಸ್ಪತ್ರೆ ತಲುಪುವವರೆಗೆ

108ಕ್ಕೆ ಕರೆ ಮಾಡಿ. ಪೆಟ್ಟು ಬಿದ್ದ ಸಮಯವನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಕತ್ತು ಅಲುಗದಂತೆ ಹಿಡಿಯಿರಿ, ತಲೆಯಡಿ ದಪ್ಪ ದಿಂಬು ತುರುಕಬೇಡಿ, ನೀರು ಕುಡಿಸಬೇಡಿ. ವಾಂತಿ ಬಂದರೆ ತಲೆ, ಕತ್ತು, ಮೈ ಒಟ್ಟಿಗೇ ಹೊರಳುವಂತೆ ಪಕ್ಕಕ್ಕೆ ತಿರುಗಿಸಿ. ‘ಕುಡಿದಿದ್ದಾನೆ, ಮಲಗಿದರೆ ಸರಿಹೋಗುತ್ತಾನೆ’ ಎಂಬ ಮಾತಿಗೆ ಪ್ರಾಣಗಳು ಹೋಗಿವೆ. ಬಿದ್ದವರು ಎದ್ದು ಕೂತು ಮಾತಾಡಿ, ಒಂದೆರಡು ಗಂಟೆಯ ನಂತರ ಮಂಪರಿಗೆ ಜಾರುವುದುಂಟು. ಬುರುಡೆಯ ಒಳಬದಿಯಲ್ಲಿ ರಕ್ತ ಕಟ್ಟುತ್ತಾ ಹೋಗುವಾಗ ಹೀಗಾಗುತ್ತದೆ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಒಂದು ಕಣ್ಣಿನ ಪಾಪೆ ಮಾತ್ರ ದೊಡ್ಡದಾಗುವುದು, ಕಿವಿ ಅಥವಾ ಮೂಗಿನಿಂದ ನೀರು ಸೋರುವುದು, ಇವುಗಳಲ್ಲಿ ಒಂದು ಕಂಡರೂ ತಡ ಮಾಡಬೇಡಿ.

ಅಳೆಯುವುದು ಹೀಗೆ

ಮೊದಲಿಗೆ ಕಣ್ಣುಗುಡ್ಡೆಗೇ ಗಾಯವಾಗಿದೆಯೇ ನೋಡಬೇಕು. ಗುಡ್ಡೆ ಒಡೆದಿರುವ ಅನುಮಾನವಿದ್ದರೂ ಸಾಕು, ಆ ಕಣ್ಣಿನ ಮೇಲೆ ಪ್ರೋಬ್ ಇಡುವಂತಿಲ್ಲ.

ರೋಗಿಯನ್ನು ಅಂಗಾತ ಮಲಗಿಸಿ, ಮಂಚದ ತಲೆಭಾಗವನ್ನು 20ರಿಂದ 30 ಡಿಗ್ರಿ ಎತ್ತುತ್ತಾರೆ. ಮುಚ್ಚಿದ ರೆಪ್ಪೆಯ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟರ್ ಅಂಟಿಸಿ ಧಾರಾಳವಾಗಿ ಜೆಲ್ ಹಾಕುತ್ತಾರೆ. ಬೇಕಾದದ್ದು ಚಪ್ಪಟೆ ತುದಿಯ ಲೀನಿಯರ್ ಪ್ರೋಬ್, 7.5 ಮೆಗಾಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನದು; ಥೈರಾಯ್ಡ್ ನೋಡಲು ಬಳಸುವ ಬಗೆಯದೇ. ಮಷಿನ್‌ನಲ್ಲಿ ಕಣ್ಣಿನ ಪರೀಕ್ಷೆಯ ಸೆಟ್ಟಿಂಗ್ ಆರಿಸಿ, ಧ್ವನಿತರಂಗದ ಬಲ ತಗ್ಗಿಸಿಕೊಳ್ಳಬೇಕು. ಪ್ರೋಬ್ ಜೆಲ್ ಮೇಲೆ ತೇಲುವಂತಿರಬೇಕು, ಕೈಯ ಭಾರ ಕಣ್ಣಿಗೆ ತಾಗಬಾರದು.

ತೆರೆಯ ಮೇಲೆ ಕಣ್ಣುಗುಡ್ಡೆ ಕಪ್ಪು ಗೋಲವಾಗಿ, ಅದರ ಹಿಂದೆ ನರ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ನರ ಗುಡ್ಡೆಗೆ ಸೇರುವ ಜಾಗದಿಂದ ಸರಿಯಾಗಿ 3 ಮಿ.ಮೀ. ಹಿಂದಕ್ಕೆ ಗುರುತು ಹಾಕಿ, ಅಲ್ಲಿ ಕವಚದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಳತೆ ತೆಗೆಯುತ್ತಾರೆ. ಕವಚ ಹೆಚ್ಚು ಹಿಗ್ಗುವುದು ಅಲ್ಲೇ ಆದ್ದರಿಂದ ಆ 3 ಮಿ.ಮೀ. ಲೆಕ್ಕ. ಎರಡೂ ಕಣ್ಣುಗಳಲ್ಲಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಅಳೆದು ಸರಾಸರಿ ತೆಗೆಯಬೇಕು. ಅರ್ಧ ಮಿಲಿಮೀಟರ್ ತಪ್ಪಿದರೂ ತೀರ್ಮಾನ ತಲೆಕೆಳಗಾಗುತ್ತದೆ. ನೆರಳನ್ನೇ ನರವೆಂದು ಭ್ರಮಿಸುವುದು ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪು. ಪಳಗಿದ ಕೈಗೆ ಇದಿಷ್ಟೂ ಐದು ನಿಮಿಷದ ಕೆಲಸ. ನೋವಿಲ್ಲ, ಎಕ್ಸ್‌ರೇ ವಿಕಿರಣವಿಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು.

ಅಂಕಿ ಏನು ಹೇಳುತ್ತದೆ?

ವಯಸ್ಕರಲ್ಲಿ 5 ಮಿ.ಮೀ.ವರೆಗೆ ಸಾಮಾನ್ಯ ಎನ್ನುತ್ತಾರೆ. 1ರಿಂದ 15 ವರ್ಷದವರಿಗೆ 4.5, ಒಂದು ವರ್ಷದೊಳಗಿನ ಕೂಸಿಗೆ 4 ಮಿ.ಮೀ. ಮಿತಿ. ವಯಸ್ಕರಲ್ಲಿ 5 ಮತ್ತು 6ರ ನಡುವೆ ಬಂದರೆ ಅನುಮಾನ. 6 ದಾಟಿದರೆ ಒತ್ತಡ ಏರಿದೆ ಎಂದೇ ಭಾವಿಸಿ ಮುಂದುವರಿಯುವುದು ಕ್ಷೇಮ. ಒಂದು ಅಂಕಿಗಿಂತ ಅದರ ಏರಿಳಿತ ಮುಖ್ಯ. ಸಂಜೆ 4.8 ಇದ್ದದ್ದು ರಾತ್ರಿ 5.7 ಆಗಿದ್ದರೆ ಆ ರೋಗಿ ಕೈಮೀರುತ್ತಿದ್ದಾನೆ.

ಆಗ ತಲೆ ಎತ್ತರಿಸಿ, ಕತ್ತು ನೇರ ಇರಿಸಿ, ಆಮ್ಲಜನಕ ಮತ್ತು ರಕ್ತದೊತ್ತಡ ಕುಸಿಯದಂತೆ ನೋಡಿಕೊಂಡು, ಮ್ಯಾನಿಟಾಲ್ ಅಥವಾ ಗಾಢ ಉಪ್ಪಿನ ದ್ರಾವಣ ಶುರುಮಾಡಿ ಸಿ.ಟಿ. ಸ್ಕ್ಯಾನ್‌ಗೆ ಒಯ್ಯುತ್ತಾರೆ. ಕಣ್ಣಿನ ಅಳತೆ ಸಿ.ಟಿ.ಗೆ ಬದಲಿಯಲ್ಲ. ರಕ್ತ ಎಲ್ಲಿ ಕಟ್ಟಿದೆ ಎಂದು ಅದು ತೋರಿಸದು. ‘ಕಣ್ಣಿನ ಸ್ಕ್ಯಾನ್ ನಾರ್ಮಲ್’ ಎಂದ ಮಾತ್ರಕ್ಕೆ, ಲಕ್ಷಣಗಳಿರುವ ಗಾಯಾಳುವನ್ನು ಮನೆಗೆ ಕರೆದೊಯ್ಯಬೇಡಿ. ಬೇರೆ ಆಸ್ಪತ್ರೆಗೆ ಕಳುಹಿಸುವಾಗ ಅಳತೆಯನ್ನೂ, ತೆಗೆದ ಸಮಯವನ್ನೂ ರೆಫರಲ್ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ವೈದ್ಯರು ಹೋಲಿಸಿ ನೋಡಲು ಅದೇ ಆಧಾರ.

ಅಂಗೈಯಗಲದ ಮಷಿನ್ ಈಗ ಸಿಗುತ್ತದಲ್ಲ, ಕಾರ್ಖಾನೆಯ ಪ್ರಥಮ ಚಿಕಿತ್ಸಾ ಕೊಠಡಿಗೇ ಒಂದು ತಂದಿಟ್ಟರಾಗದೇ ಎಂದು ಕೇಳುವವರಿದ್ದಾರೆ. ಆದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಿರಬೇಕು. ಕಣ್ಣು ನೋಡಲೆಂದೇ ತಂದರೂ ವಿನಾಯಿತಿ ಇಲ್ಲ, ಮನಬಂದಲ್ಲಿ ಹೊತ್ತೊಯ್ಯುವಂತೆಯೂ ಇಲ್ಲ. ಕಾಯ್ದೆಯ ಉದ್ದೇಶ ದೊಡ್ಡದು, ಅದನ್ನು ಸಡಿಲಿಸಿ ಎನ್ನಲಾರೆ. ನೋಂದಣಿಯಾದ ಯಂತ್ರ ಆಗಲೇ ಇರುವ ತುರ್ತು ವಿಭಾಗಗಳು ತಮ್ಮ ರಾತ್ರಿಪಾಳಿಯ ವೈದ್ಯರಿಗೆ ಈ ಅಳತೆ ಕಲಿಸಲಿ.

ಕಾರ್ಖಾನೆ, ಟೆಕ್ ಪಾರ್ಕ್‌ಗಳ ಸುರಕ್ಷತಾ ಅಧಿಕಾರಿಗಳಲ್ಲಿ ಒಂದು ವಿನಂತಿ. ನಿಮ್ಮ ಗೇಟಿನಿಂದ ಅರ್ಧ ಗಂಟೆಯೊಳಗೆ ತಲುಪಬಹುದಾದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿ.ಟಿ. ನಡೆಯುತ್ತದೆ, ಎಲ್ಲಿ ನರಶಸ್ತ್ರಚಿಕಿತ್ಸಕರು ಸಿಗುತ್ತಾರೆ ಎಂದು ಈ ವಾರವೇ ವಿಚಾರಿಸಿ. ಆ ಹೆಸರು, ಫೋನ್ ನಂಬರನ್ನು ಸೆಕ್ಯುರಿಟಿ ಕೊಠಡಿಯ ಗೋಡೆಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ.