ತಾತನ ಮಾತ್ರೆ ಮತ್ತು ರಾಗಿ ಮುದ್ದೆ



ಹೋದ ತಿಂಗಳು ನಮ್ಮ ತಾತನಿಗೆ ಎದೆ ಡವಡವ ಅಂತ ಲೆಕ್ಕ ತಪ್ಪಿ ಹೊಡೆದುಕೊಳ್ಳುತ್ತಿತ್ತು. ಮೈಸೂರಿಗೆ ಕರೆದುಕೊಂಡು ಹೋಗಿ ಇ.ಸಿ.ಜಿ. ತೆಗೆಸಿದರು. ಡಾಕ್ಟರು ಡಿಲ್ಟಿಯಾಜೆಮ್ ಎಂಬ ಮಾತ್ರೆ ಬರೆದು "ಇದು ಕ್ಯಾಲ್ಸಿಯಂ ತಡೆಯುವ ಮಾತ್ರೆ" ಎಂದರಂತೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಅಂತ ಮನೆಯಲ್ಲಿ ಜಂಬದಿಂದ ಹೇಳಿದವನು ನಾನೇ. ಅವತ್ತಿನಿಂದ ತಾತ ಮುದ್ದೆ ಬಿಟ್ಟರು, ಹಾಲೂ ಬಿಟ್ಟರು. ಹತ್ತು ದಿನಕ್ಕೆ ಸೊರಗಿಹೋದರು. ನನಗೆ ಹೆದರಿಕೆಯಾಗಿ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು, ಆಮೇಲೆ ನಾನು ಓದಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಹೃದಯದ ಜೀವಕೋಶದ ಹೊರಗೆ ಇರುವ ಕ್ಯಾಲ್ಸಿಯಂ, ಒಳಗೆ ಇರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಕೆರೆ ತುಂಬಿದೆ, ತೂಬು ಮುಚ್ಚಿದೆ ಅಂತ ತಿಳಿಯಿರಿ. ತೂಬು ತೆಗೆಯುವುದು ವಿದ್ಯುತ್ತು. ಬಲ ಹೃತ್ಕರ್ಣದಲ್ಲಿ ಹುಟ್ಟಿದ ವಿದ್ಯುತ್ ಅಲೆ ಸ್ನಾಯುವಿನ ಕೋಶಕ್ಕೆ ತಲುಪಿದಾಗ ಮೊದಲು ಸೋಡಿಯಂ ಒಳಕ್ಕೆ ನುಗ್ಗುತ್ತದೆ. ಅದರಿಂದ ಕ್ಯಾಲ್ಸಿಯಂ ಬಾಗಿಲುಗಳು ತೆರೆಯುತ್ತವೆ. ಬರುವುದು ಸ್ವಲ್ಪವೇ. ಆದರೆ ಕೋಶದ ಒಳಗೇ ಕ್ಯಾಲ್ಸಿಯಂ ತುಂಬಿಟ್ಟ ಒಂದು ಕಣಜವಿದೆ. ಬೆಂಕಿಕಡ್ಡಿ ಒಲೆ ಹತ್ತಿಸಿದ ಹಾಗೆ, ಬಂದ ಸ್ವಲ್ಪವೇ ಕಣಜದ ಬಾಯಿ ತೆರೆಸುತ್ತದೆ. ಆಗ ಸ್ನಾಯು ಕುಗ್ಗಿ ರಕ್ತ ಮುಂದಕ್ಕೆ ಹೋಗುತ್ತದೆ. ಕೂಡಲೇ ಹೆಚ್ಚಿನ ಪಾಲನ್ನು ಮತ್ತೆ ಕಣಜಕ್ಕೆ ತುಂಬಬೇಕು, ಉಳಿದದ್ದನ್ನು ಹೊರಗೆ ಹಾಕಬೇಕು. ಇಲ್ಲದಿದ್ದರೆ ಸ್ನಾಯು ಸಡಿಲವಾಗುವುದಿಲ್ಲ. ಈ ಕೆಲಸ ದಿನಕ್ಕೆ ಸುಮಾರು 1 ಲಕ್ಷ ಸಲ!

ಕ್ಯಾಲ್ಸಿಯಂ ಇಲ್ಲದೆ ಹೃದಯ ಬಡಿಯದು ಎಂದು 1883ರಲ್ಲಿ ತೋರಿಸಿದವರು ಲಂಡನ್ನಿನ ಸಿಡ್ನಿ ರಿಂಗರ್. ನಲ್ಲಿ ನೀರಿನಲ್ಲಿ ಮಾಡಿದ ಉಪ್ಪಿನ ದ್ರಾವಣದಲ್ಲಿ ಕಪ್ಪೆಯ ಹೃದಯ ಬಡಿಯುತ್ತಲೇ ಇತ್ತು, ಬಟ್ಟಿ ಇಳಿಸಿದ ನೀರಿನದ್ದರಲ್ಲಿ ಬೇಗ ನಿಂತಿತು. ನಲ್ಲಿ ನೀರಿನಲ್ಲಿದ್ದ ಸುಣ್ಣದಂಶವೇ ಕಾರಣ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ 'ರಿಂಗರ್ ಲ್ಯಾಕ್ಟೇಟ್' ಬಾಟಲಿಗೆ ಇವರದೇ ಹೆಸರು.

ನನಗೆ ತಲೆ ತಿರುಗಿದ್ದು ಇಲ್ಲಿ. ಒಂದು ಕ್ಯಾಲ್ಸಿಯಂ ಹೊರಗೆ ಹೋಗಲು ಮೂರು ಸೋಡಿಯಂ ಒಳಗೆ ಬರುತ್ತವೆ. ಹೋದದ್ದು ಎರಡು ಧನ ವಿದ್ಯುದಂಶ, ಬಂದದ್ದು ಮೂರು. ಒಂದು ಹೆಚ್ಚಾಯಿತಲ್ಲ! ಕಣಜ ಹೊತ್ತಲ್ಲದ ಹೊತ್ತಿನಲ್ಲಿ ಸೋರಿದರೆ, ಅದನ್ನು ಹೊರಹಾಕುವಾಗಲೇ ವಿದ್ಯುತ್ತು ಹುಟ್ಟಿ ನಡುವೆ ಒಂದು ಬಡಿತ ಬರಬಹುದು. ಅಂದರೆ ವಿದ್ಯುತ್ತು ಕ್ಯಾಲ್ಸಿಯಂ ಅನ್ನು ಕರೆಯುತ್ತದೆ, ಕ್ಯಾಲ್ಸಿಯಂ ತಿರುಗಿ ವಿದ್ಯುತ್ತನ್ನು ಕೆಣಕುತ್ತದೆ.

ಈಗ ತಾತನ ಮಾತ್ರೆ. ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವೆ ಒಂದು ಗಂಟು ಇದೆ. ಅಲ್ಲಿನ ಕೋಶಗಳಲ್ಲಿ ವಿದ್ಯುತ್ತನ್ನು ಹೊರುವುದು ಮುಖ್ಯವಾಗಿ ಕ್ಯಾಲ್ಸಿಯಮ್ಮೇ. ಮಾತ್ರೆ ಅಲ್ಲಿನ ಬಾಗಿಲುಗಳಲ್ಲಿ ಕೆಲವನ್ನು ಮುಚ್ಚುತ್ತದೆ. ಅಲೆ ನಿಧಾನವಾಗಿ ಕೆಳಗಿಳಿಯುತ್ತದೆ, ಬಡಿತ ಹತೋಟಿಗೆ ಬರುತ್ತದೆ. ಮಾತ್ರೆ ತಡೆಯುವುದು ಬಾಗಿಲನ್ನು, ಊಟವನ್ನಲ್ಲ. ರಕ್ತದ ಕ್ಯಾಲ್ಸಿಯಂ ಹೆಚ್ಚುಕಡಿಮೆ ಆಗದಂತೆ ಪ್ಯಾರಾಥೈರಾಯ್ಡ್ ಗ್ರಂಥಿಗಳು ನೋಡಿಕೊಳ್ಳುತ್ತವೆ. ಊಟದಲ್ಲಿ ಕಡಿಮೆಯಾದರೆ ಮೂಳೆಯಿಂದ ಕೀಳಿಸುತ್ತವೆ.

ಅಪ್ಪ ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ "ಮುದ್ದೆ ಬಿಡಿ ಅಂತ ಯಾರು ಹೇಳಿದ್ದು?" ಅಂತ ಕೇಳಿದರಂತೆ. ಮನೆಗೆ ಬಂದ ತಾತ ನನ್ನ ಮುಖವನ್ನೇ ನೋಡಿದರು. ಆ ರಾತ್ರಿ ಹುರುಳಿ ಸಾರಿನಲ್ಲಿ ಒಂದೂವರೆ ಮುದ್ದೆ ಉಂಡರು.

- ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ, ಕಂಪಲಾಪುರ